ಪೂವಕ್ಕ ತೆಗೆದಿಟ್ಟ ದೋಸೆ

ಮೈಕ್ ಸಿಕ್ಕರೆ ಒಂದು ಗಂಟೆ ಬಿಡದ ರಾಧಾಕೃಷ್ಣ ಮಾಸ್ಟ್ರಿಗೆ, ಸುಳ್ಯದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ‘ನಾನೇಕೆ ಬರೆಯುತ್ತೇನೆ’ ಎಂದು ಎರಡು ಪುಟ ಬರೆಯಲು ತಿಂಗಳು ಸಾಲಲಿಲ್ಲ. ಸಮಾಜಕ್ಕಾಗಿ ಎಂದು ಬರೆಯುವುದು, ಹರಿಯುವುದು. ಆತ್ಮತೃಪ್ತಿಗಾಗಿ ಎಂದು ಬರೆಯುವುದು, ಅದನ್ನೂ ಹರಿಯುವುದು. ಆಯಿತಾ ಎಂದು ಹೆಂಡತಿ ರಾಜೀವಿ ಕೇಳಿದ್ದೇ ತಪ್ಪಾಯಿತು, ಅವಳ ಮೇಲೆ ಹರಿಹಾಯ್ದರು. ಸಿಟ್ಟು ಅವಳ ಮೇಲಲ್ಲ ಬಿಡಿ.

ಅವರಿಗೆ ಹೆಸರು ತಂದ ಮೊದಲ ಕಥೆ ಅವರದಾಗಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಮಂಡೆಕೋಲಿನ ಶಾಲೆಯಲ್ಲಿ, ಏಳನೆಯ ತರಗತಿಯ ಸೇವಂತಿ ‘ನನ್ನ ಅಜ್ಜಿ’ ಎಂದು ಬರೆದ ಪ್ರಬಂಧ ಅದು. ಘಟ್ಟದ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿ ಮರಳದ ತನ್ನ ತಮ್ಮನಿಗೆಂದು ಅವಳ ಅಜ್ಜಿ ಪೂವಕ್ಕ ದಿನಾ ಬೆಳಿಗ್ಗೆ ಒಂದು ದೋಸೆ ತೆಗೆದಿಡುತ್ತಿದ್ದರು. ಮಾಸ್ಟ್ರು ಅದನ್ನು ತಿದ್ದಿ, ಕೊನೆಗೆ ಅಜ್ಜಿಯನ್ನು ಸಾಯಿಸಿ, ಮರುದಿನದ ಬಸ್ಸಿನಿಂದ ಆ ತಮ್ಮನನ್ನು ಇಳಿಸಿ, ಕಥೆ ತನ್ನದೇ ಎಂದು ಪತ್ರಿಕೆಗೆ ಕಳಿಸಿಬಿಟ್ಟರು. ಪೂವಕ್ಕನ ಹೆಸರನ್ನೂ ಬದಲಿಸಿರಲಿಲ್ಲ. ಬಹುಮಾನ ಬಂತು, ಹಾರ ಬಿತ್ತು. ಅಂದಿನಿಂದ ನಲವತ್ತು ಕಥೆ ಬರೆದರು, ಒಂದಾದರೂ ಅದನ್ನು ಮೀರಿಸಿದರೆ ಆ ಪಾಪ ತೊಳೆದುಹೋದೀತು ಎಂದು. ಮೀರಿಸಬೇಕಲ್ಲ! ಬರೆಯುವುದಕ್ಕೆ ಅವರಿಗಿದ್ದ ಕಾರಣ ಇಷ್ಟೇ.

ಕೊನೆಗೆ ತಡೆಯಲಾರದೆ ಆಲಂಕಾರಿಗೆ ಹೋದರು. ಅಲ್ಲಿ ಸೇವಂತಿಯ ಟೈಲರ್ ಅಂಗಡಿ. ಅವಳು ಕುರ್ಚಿ ಕೊಟ್ಟರೂ ಕೂರದೆ ಎಲ್ಲ ಹೇಳಿದರು. ಸಂಚಿಕೆಯಲ್ಲಿ ಒಪ್ಪಿಕೊಳ್ಳುತ್ತೇನೆ, ಕಥೆ ನಿನ್ನದೆಂದು ಹೆಸರು ಹಾಕುತ್ತೇನೆ, ನನ್ನ ಮರ್ಯಾದೆ ಹೋದರೆ ಹೋಗಲಿ ಎಂದರು. ಅವಳು ಮೆಷಿನ್ ನಿಲ್ಲಿಸಿದಳು. ಅವಳಿಗೆ ಅಂದೇ ಗೊತ್ತಿತ್ತಂತೆ. ಪತ್ರಿಕೆ ಬಂದ ದಿನವೇ ಅಜ್ಜಿಗೆ ಓದಿ ಹೇಳಿದ್ದಳಂತೆ.

“ಸಾಯುವ ಭಾಗ ನಾನು ಓದ್ಲಿಲ್ಲ ಸರ್. ಎದುರಲ್ಲೇ ಕೂತಿದ್ರು, ಹೇಗೆ ಓದುದು? ತಮ್ಮ ಬಸ್ಸಿಂದ ಇಳಿದದ್ದು ಮಾತ್ರ ಓದಿದೆ.”

ಅಜ್ಜಿ ಏನೆಂದರು ಎಂದು ಮಾಸ್ಟ್ರು ಕೇಳಿದರು.

“ಮಾಸ್ಟ್ರು ಬರೆದದ್ದು ಸುಳ್ಳಾಗುದುಂಟಾ ಅಂದ್ರು. ಮರುದಿನದಿಂದ ಬಾಳೆಲೆಯಲ್ಲಿ ದೋಸೆ ಕಟ್ಟಿಕೊಂಡು ಬಸ್ಸಿಗೆ ಕಾಯ್ಲಿಕ್ಕೆ ಹೋದ್ರು. ನಾಲ್ಕು ವರ್ಷ, ಕಾಲು ನಡೆಯುವಷ್ಟು ದಿನ.”

ಕದ್ದದ್ದಕ್ಕೆ ಕ್ಷಮೆ ಕೇಳಲು ಬಂದವರಿಗೆ ಇದಕ್ಕೆ ಯಾರಲ್ಲಿ ಕೇಳಬೇಕೆಂದು ತೋಚಲಿಲ್ಲ. ಆಗ ಹೋಗಿ ಕುರ್ಚಿಯಲ್ಲಿ ಕೂತರು. ಸೇವಂತಿ ಹೊಲಿಯುತ್ತಿದ್ದ ರವಿಕೆಯನ್ನು ಮಡಚಿಟ್ಟಳು.

“ನನ್ನ ಹೆಸರು ಹಾಕುದಾದ್ರೆ ಅಜ್ಜಿ ಹಾಗೆ ಕಾದದ್ದಕ್ಕೂ ಹಾಕಿ ಸರ್. ಅದು ಬರೀ ಕಥೆ ಅಂತ ನಾನೂ ಅವರಿಗೆ ಹೇಳ್ಲಿಲ್ಲ. ಮತ್ತೆ, ಈ ಸಲ ಯಾರನ್ನೂ ಬಸ್ಸಿಂದ ಇಳಿಸ್ಬೇಡಿ.”