ಅಧ್ಯಕ್ಷನ ಇನ್ನೂರು ಡಾಲರಿನ ಅಧಿಕಾರ

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ನಾನು ಸನ್ನಿವೇಲಿನ ನಮ್ಮ ಪುಟ್ಟ ಕನ್ನಡ ಸಂಘದ ಅಧ್ಯಕ್ಷನಾಗಿದ್ದೆ. ಹೆಸರಿಗಷ್ಟೇ ಅಧ್ಯಕ್ಷ ಅನ್ನಿ. ಬಜೆಟ್ಟಿನಲ್ಲಿಲ್ಲದ ಖರ್ಚಾದರೆ ಇನ್ನೂರು ಡಾಲರಿನವರೆಗೆ ನಾನೇ ಒಪ್ಪಬಹುದಿತ್ತು. ಅದರ ಮೇಲೆ ಒಂದು ಡಾಲರ್ ಹೆಚ್ಚಾದರೂ ಏಳು ಜನರ ಸಮಿತಿ ಕೂಡಬೇಕು.

ಒಂದು ಗುರುವಾರ ಹತ್ತಿರದ ಹೇವರ್ಡ್ ಊರಿನಿಂದ ಫೋನು ಬಂತು. ಮಂಡ್ಯ ಕಡೆಯ ಹುಡುಗ. ಕೆಲಸ ಹೋಗಿ, ಶನಿವಾರ ಸಂಸಾರ ಸಮೇತ ಊರಿಗೆ ಹೊರಟಿದ್ದ. ಸೊಸೆಯ ಬಾಣಂತನಕ್ಕೆಂದು ಬಂದಿದ್ದ ಅವನ ತಾಯಿ ಬಾತ್‌ಟಬ್ಬಿನಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಕಾಲು ಚಾಚಿಯೇ ಕೂರಬೇಕೆಂದು ಡಾಕ್ಟರು. ಹಾಗಾದರೆ ಪಕ್ಕದ ಎರಡು ಸೀಟನ್ನೂ ಕೊಳ್ಳಿ ಎಂದು ವಿಮಾನದವರು.

"ಅವ್ವಂಗೆ ಇನ್ಶೂರೆನ್ಸು ಇರ್ಲಿಲ್ಲ ಸಾರ್. ಆಸ್ಪತ್ರೆಗೇ ಎಲ್ಲಾ ಖಾಲಿ ಆಗೋಯ್ತು. ಇಲ್ಲಿ ಯಾರ ಮನೇಲಿ ಬಿಟ್ಟೋಗ್ಲಿ, ನೀವೇ ಹೇಳಿ?"

ಆ ಎರಡು ಸೀಟಿನ ದರ ನನ್ನ ಇನ್ನೂರು ಡಾಲರನ್ನು ಎಷ್ಟೋ ಮೀರಿತ್ತು; ಸಮಿತಿಗೆ ಮೇಲ್ ಹಾಕಿದೆ. ಉತ್ತರಿಸಿದವರು ಖಜಾಂಚಿ ಒಬ್ಬರೇ: ಭಾನುವಾರದ ಮೀಟಿಂಗಿನಲ್ಲಿ ಚರ್ಚಿಸೋಣ. ಶನಿವಾರದ ವಿಮಾನಕ್ಕೆ!

ಮಾವನವರು ಆಗ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದರು. ಮದರಾಸಿನ ಸರ್ಕಾರಿ ದಫ್ತರದಲ್ಲಿ ಬ್ರಿಟಿಷರ ಕಾಲದ ಕಡತಗಳನ್ನು ಕಾಯ್ದು ನಿವೃತ್ತರಾದವರು. ಮೆಂತ್ಯ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡು ನಕ್ಕರು.

"ಅಳಿಯಂದ್ರೇ, ಆಗಿನ ಗವರ್ನರ್ ಸಾಹೇಬ್ರ ಪಾಡೂ ಇದೇನೇ. ಬಂದ್ರೆ ಹೋದ್ರೆ ಗೌರವಕ್ಕೆ ತೋಪು ಹಾರಿಸ್ತಿದ್ರು. ಆದ್ರೆ ಬಜೆಟ್ಟಲ್ಲಿಲ್ಲದ ದೊಡ್ಡ ಖರ್ಚು ಅಂದ್ರೆ ಮೇಲಕ್ಕೆ ಬರೀಬೇಕು, ಲಂಡನ್ನಿಂದ ಒಪ್ಪಿಗೆ ಹಡಗಲ್ಲಿ ಬರಬೇಕು."

"ಅಷ್ಟರಲ್ಲಿ ಸೇತುವೆ ಕೊಚ್ಕೊಂಡು ಹೋದ್ರೆ?"

"ಕೆಲವ್ರು ಧೈರ್ಯ ಮಾಡಿ ರಿಪೇರಿ ಮಾಡಿಸಿಬಿಡೋರು. ಮಂಜೂರಾತಿಯ ನಿರೀಕ್ಷೆಯಲ್ಲಿ ಖರ್ಚು ಮಾಡಲಾಗಿದೆ ಅಂತ ಆಮೇಲೆ ಬರೆಯೋರು. ಸೇತುವೆ ಉಳೀತಿತ್ತು, ಸಾಹೇಬ್ರಿಗೆ ಬೈಗುಳದ ಕಾಗದ ಬರ್ತಿತ್ತು."

ಸಂಘದ ಚೆಕ್ ಬರೆದೆ. ಮಾವನವರ ಆ 'ಮಂಜೂರಾತಿಯ ನಿರೀಕ್ಷೆಯಲ್ಲಿ' ವಾಕ್ಯವನ್ನೇ ಇಳಿಸಿ ಸಮಿತಿಗೆ ಇನ್ನೊಂದು ಮೇಲ್ ಹಾಕಿದೆ. ಶನಿವಾರ ಆ ತಾಯಿ ಮೂರು ಸೀಟಿನ ಮೇಲೆ ಕಾಲು ಚಾಚಿಕೊಂಡು, ಮಗ ಸೊಸೆ ಮೊಮ್ಮಗುವಿನೊಂದಿಗೆ ಹೊರಟರು.

ಭಾನುವಾರ ಯಾರೂ ಜಗಳವಾಡಲಿಲ್ಲ. ಖಜಾಂಚಿ ಒಳ್ಳೆಯ ಮನುಷ್ಯರೇ.

"ನೀವು ಮಾಡಿದ್ದು ತಪ್ಪು ಅನ್ನಲ್ಲ ಸಾರ್. ಆದ್ರೆ ದಿನಾ ಒಬ್ಬರ ಲೇ-ಆಫು ಆಗ್ತಿದೆ. ಎಲ್ಲರಿಗೂ ಹೀಗೇ ಕೊಟ್ರೆ ಯುಗಾದಿ ಹಬ್ಬದ ಹಾಲ್ ಬಾಡಿಗೆ ಎಲ್ಲಿಂದ ಕಟ್ಟೋಣ?"

ಖರ್ಚಿಗೆ ಒಪ್ಪಿಗೆ ಸಿಕ್ಕಿತು. ಅದರ ಬೆನ್ನಿಗೇ ಇನ್ನೊಂದು ನಿರ್ಣಯ: ಇನ್ನು ಮುಂದೆ ಬಜೆಟ್ಟಿನಲ್ಲಿಲ್ಲದ ಯಾವ ಖರ್ಚನ್ನೂ ಅಧ್ಯಕ್ಷರು ಒಬ್ಬರೇ ಒಪ್ಪುವಂತಿಲ್ಲ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ವಾದಿಸುವ ತ್ರಾಣವಿರಲಿಲ್ಲ, ನನ್ನ ಆಫೀಸಿನಲ್ಲೂ ಆ ವಾರ ಅರ್ಧಕ್ಕರ್ಧ ಮೇಜುಗಳು ಖಾಲಿಯಾಗಿದ್ದವು.

ಮುಂದಿನ ತಿಂಗಳು ಇನ್ನೊಬ್ಬ ಹುಡುಗನ ಫೋನು ಬಂತು. ಅವನದೂ ಕೆಲಸ ಹೋಗಿತ್ತು; ಹೆಂಡತಿ ಬಸುರಿ, ಊರಿಗೆ ಟಿಕೆಟ್ಟಿಗೆ ದುಡ್ಡು ಸಾಲದು.

"ಸಂಘದಿಂದ ಏನಾದ್ರೂ ಆಗುತ್ತಾ ಸಾರ್?"

"ಕೇಳಿ ಹೇಳ್ತೀನಪ್ಪ" ಎಂದೆ.

ಸಮಿತಿಯವರಿಗೆಲ್ಲ ಒಬ್ಬೊಬ್ಬರಾಗಿ ಫೋನು ಮಾಡಿದೆ. ಹನ್ನೊಂದನೆಯ ದಿನ ಎಲ್ಲರೂ ಒಪ್ಪಿದರು. ಅವನ ನಂಬರು ಒತ್ತಿದರೆ, ಈ ನಂಬರು ಚಾಲ್ತಿಯಲ್ಲಿಲ್ಲ ಎಂಬ ರೆಕಾರ್ಡ್ ಮಾಡಿದ ದನಿ ಬಂತು.