ಕಾಗದದಲ್ಲಿಲ್ಲದ ಅಡುಗೆಮನೆ

ಮನೆಗೆ ವಿಮೆ ಮಾಡಿಸಲು ಮೂರು ಕಂಪೆನಿಗಳಿಂದ ಕೊಟೇಶನ್ ತರಿಸಿ ಊಟದ ಮೇಜಿನ ಮೇಲೆ ಹರಡಿ ಕೂತಾಗ ನಾನು ಮಹಾ ಜಾಣ ಎಂದುಕೊಂಡಿದ್ದೆ. ಮೂವರದ್ದೂ ಕಂತು ಮನೆಯ ಚದರಡಿಯ ಮೇಲೆ. ಕಾವೂರಿನ ನಮ್ಮ ಮನೆಯ ಹಿಂದೆ, ಗುಡ್ಡೆಗೆ ತಾಗಿಕೊಂಡು, ಆಮೇಲೆ ಕಟ್ಟಿಸಿದ ಅಡುಗೆಮನೆ ಇತ್ತು. ತೆರಿಗೆ ಉಳಿಸಲೆಂದು ಪಾಲಿಕೆಯ ಅರ್ಜಿಯಲ್ಲಿ ಅದನ್ನು ನಾನು ಯಾವತ್ತೂ ತೋರಿಸಿದವನಲ್ಲ. ಎರಡು ಕಡೆ ಎರಡು ಲೆಕ್ಕ ಕೊಟ್ಟರೆ ಸಿಕ್ಕಿಬಿದ್ದೇನು ಎಂದು ಹೆದರಿ ವಿಮೆಗೂ ಅದೇ ಅಳತೆ ಬರೆದೆ. ಕಂತೂ ಕಡಿಮೆಯಾಯಿತು.

ಈ ಮಳೆಗಾಲದಲ್ಲಿ ಗುಡ್ಡೆ ಜರಿದು ಬಿದ್ದದ್ದು ಸರಿಯಾಗಿ ಅಡುಗೆಮನೆಯ ಮೇಲೆ. ಪುಣ್ಯಕ್ಕೆ ಹೆಂಡತಿ ಆಗ ಅಂಗಳದಲ್ಲಿದ್ದಳು.

ವಿಮೆಯ ಸರ್ವೇಯರ್ ಬಂದರು. ಕೆಸರಿನಲ್ಲಿ ಹೂತುಹೋದ ಗ್ರೈಂಡರ್ ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು.

"ಸರ್, ಇದರಲ್ಲಿ ಅಡುಗೆಮನೆಯೇ ಇಲ್ಲ."

"ಎದುರಿಗೇ ಉಂಟಲ್ಲ ಮಾರಾಯ್ರೆ!"

"ನೀವು ಬರೆದುಕೊಟ್ಟದ್ದರಲ್ಲಿ ಇಲ್ಲ. ಇಲ್ಲದ್ದು ಬಿದ್ದರೆ ನಾವು ಎಂತ ಕೊಡುವುದು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಹೆಂಡತಿ ಅವರನ್ನು ಬಿಟ್ಟು ನನ್ನನ್ನು ಕೇಳಿದಳು, "ಹಾಗಾದರೆ ಹನ್ನೊಂದು ವರ್ಷ ನಾನು ಅಡುಗೆ ಮಾಡಿದ್ದು ಎಲ್ಲಿ?"

ಈಗ ಅವಳು ಜಗಲಿಯಲ್ಲಿ ಒಂದು ಸ್ಟವ್ ಇಟ್ಟುಕೊಂಡು ಗಂಜಿ ಬೇಯಿಸುತ್ತಾಳೆ, ನನ್ನತ್ತ ನೋಡುವುದಿಲ್ಲ. ಮತ್ತೆ ಕಟ್ಟಿಸುವ ತ್ರಾಣ ನನಗಿಲ್ಲ.

ಮೊನ್ನೆ ಮನೆ ತೆರಿಗೆಯ ಅರ್ಜಿ ತುಂಬಿಸಿದೆ. ಅದೇ ಹಳೆಯ ಅಳತೆ. ಈ ಸಲ ಅದರಲ್ಲಿ ಒಂದಿಂಚೂ ಸುಳ್ಳಿಲ್ಲ.