ಯಾಶ್‌ನಿಂದ ಟೂರಿನ್‌ಗೆ ಮೇಲಿನ ದಾರಿ

ಕೊಸ್ತಾಕೆ ಅರ್ಧ ಆಯುಷ್ಯವನ್ನು ರುಮೇನಿಯಾದ ಯಾಶ್ ಪಟ್ಟಣದಿಂದ ಇಟಲಿಯ ಟೂರಿನ್‌ಗೆ ಬಸ್ಸು ಓಡಿಸುವುದರಲ್ಲೇ ಸವೆಸಿದವನು. ಹಂಗೇರಿ ದಾಟಿ ಎರಡು ದಿನದ ದಾರಿ. ಮುದುಕರ ಆರೈಕೆಯ ಕೆಲಸಕ್ಕೆ ಹೋಗುವ ಹೆಂಗಸರು, ಅವರ ತಾಯಂದಿರು ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿಗಳು, ಇವೇ ಅವನ ಹೇರು. ಅವನ ಹೆಂಡತಿ ವಿಯೋರಿಕಾ ಕೂಡ ಆ ಕೆಲಸಕ್ಕೇ, ಅವನ ಬಸ್ಸಿನಲ್ಲೇ ಹೋದವಳು.

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ವಿಮಾನ ಹತ್ತತೊಡಗಿದರು.

"ಎರಡೂವರೆ ಗಂಟೆ ಅಷ್ಟೇ ಕಣೋ!" ಎನ್ನುತ್ತಿದ್ದರು ಅವನಿಗೆ.

"ಚಕ್ರ ನೆಲ ಬಿಟ್ರೆ ಅದು ಪ್ರಯಾಣ ಅಲ್ಲ, ಎಸೆಯೋದು," ಎನ್ನುತ್ತಿದ್ದ ಕೊಸ್ತಾಕೆ.

ನವೆಂಬರಿನ ಒಂದು ಬೆಳಿಗ್ಗೆ ವಿಯೋರಿಕಾಳ ಗೆಳತಿ ಲೆನುತ್ಸಾ ಟೂರಿನ್‌ನಿಂದ ಫೋನು ಮಾಡಿದಳು. "ವಿಯೋರಿಕಾ ಕುಸಿದುಬಿದ್ಲು. ತಲೇಲಿ ರಕ್ತ ಹೆಪ್ಪುಗಟ್ಟಿದೆಯಂತೆ. ಸಂಜೆ ಆಪರೇಷನ್. ಬಸ್ಸಲ್ಲಿ ಬರ್ತೀನಿ ಅಂದ್ರೆ ನೋಡು, ನಿನ್ನ ಮುಖ ನೋಡಲ್ಲ!"

ಮಧ್ಯಾಹ್ನದ ವಿಮಾನದಲ್ಲಿ ಕೊಸ್ತಾಕೆ ಬೆವರುತ್ತ ಕುಳಿತಿದ್ದ. ಹಿಡಿಯಲು ಸ್ಟೀರಿಂಗ್ ಇಲ್ಲ. ವಿಮಾನ ಅಲುಗಿದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ಅಜ್ಜಾ, ನನ್ನ ಬ್ಯಾಗ್ ತುಳೀತಿದ್ದೀರಿ," ಎಂದಳು ಪಕ್ಕದ ಹುಡುಗಿ.

ಕೆಳಗೆ ಬರೀ ಮೋಡ. ಹಂಗೇರಿ ಬಂದಿತೋ ಹೋಯಿತೋ, ತಿಳಿಯಲಿಲ್ಲ. ವಿಯೋರಿಕಾ ಬದುಕಿದ್ದಾಳೋ ಇಲ್ಲವೋ, ಅದೂ ತಿಳಿಯದು. ಅಷ್ಟರಲ್ಲಿ ಪೈಲಟ್ ಹೇಳಿದ: ಟೂರಿನ್‌ನಲ್ಲಿ ದಟ್ಟ ಮಂಜು, ಜಿನೋವಾದಲ್ಲಿ ಇಳಿಯುತ್ತೇವೆ, ಅಲ್ಲಿಂದ ಬಸ್ಸು.

ಕೊಸ್ತಾಕೆ ಜಿನೋವಾದಲ್ಲಿ ಬಸ್ಸು ಹತ್ತಿ ಚಾಲಕಿಯ ಬೆನ್ನ ಹಿಂದೆಯೇ ನಿಂತ. ಟೂರಿನ್ ಹತ್ತಿರವಾದಂತೆ ಮಂಜು ಕವಿಯಿತು, ಬಸ್ಸು ತೆವಳತೊಡಗಿತು.

"ಆಕ್ಸಿಲರೇಟರ್ ಒತ್ತಮ್ಮಾ, ಸ್ವಲ್ಪ ಒತ್ತು! ನನ್ನ ಹೆಂಡ್ತಿ ಆಸ್ಪತ್ರೇಲಿದಾಳೆ."

"ಮುಂದಿನ ಲಾರಿನೇ ಕಾಣಿಸ್ತಿಲ್ಲ ಕಣ್ರೀ. ನಿಮ್ಮ ಹೆಂಡ್ತಿ ಹತ್ರ ಜೀವಂತ ಹೋಗ್ಬೇಕೋ ಬೇಡ್ವೋ? ಕೂತ್ಕೊಳ್ಳಿ."

ಇದೇ ಮಾತನ್ನು ಅವನೂ ಎಷ್ಟೋ ಜನಕ್ಕೆ ಗದರಿ ಹೇಳಿದ್ದ. ಹೋಗಿ ಸೀಟಿನಲ್ಲಿ ಕೂತ. ವಿಮಾನ ಅರ್ಧ ಯುರೋಪನ್ನು ದಾಟಿದಷ್ಟು ಹೊತ್ತನ್ನು ಆ ತುಂಡು ದಾರಿಯೇ ನುಂಗಿತು.

ಆಸ್ಪತ್ರೆ ತಲುಪುವಷ್ಟರಲ್ಲಿ ವಿಯೋರಿಕಾಳನ್ನು ಒಳಗೆ ಕರೆದೊಯ್ದಾಗಿತ್ತು. ಲೆನುತ್ಸಾ ಬೆಂಚಿನ ಮೇಲೆ ಅಳುತ್ತಿದ್ದಳು. ಅವನಿಗೆ ಅಳುವೂ ಬರಲಿಲ್ಲ. ಬಾಗಿಲನ್ನೇ ನೋಡುತ್ತ ಕುಳಿತ. ಕೊನೆಗೆ ಡಾಕ್ಟರು ಹೊರಬಂದು, ಜೀವಕ್ಕೆ ಭಯವಿಲ್ಲ, ಬಲಗೈ ಮಾತ್ರ ಮೊದಲಿನಂತಾಗುವುದು ಅನುಮಾನ ಎಂದರು.

ಮರುದಿನ ವಿಯೋರಿಕಾ ಕಣ್ಣು ತೆರೆದಳು. "ಬಸ್ಸೆಲ್ಲಿ ನಿಲ್ಲಿಸ್ದೆ?" ಎಂದಳು, ನಾಲಿಗೆ ತೊದಲುತ್ತ.

"ವಿಮಾನದಲ್ಲಿ ಬಂದೆ."

"ಸುಳ್ಳ!"

ಚಳಿಗಾಲವೆಲ್ಲ ಅವನು ಅಲ್ಲೇ ಉಳಿದು ಅವಳಿಗೆ ಗಂಜಿ ಕುಡಿಸಿದ, ನಡೆಸಿದ. ವಸಂತದಲ್ಲಿ ಇಬ್ಬರೂ ವಿಮಾನದಲ್ಲೇ ಊರಿಗೆ ಹೊರಟರು. ವಿಮಾನ ಮೇಲೇಳುವಾಗ ಕೊಸ್ತಾಕೆ ಕಣ್ಣು ಮುಚ್ಚಿ ಅವಳ ಎಡಗೈಯನ್ನು ಬಿಗಿಯಾಗಿ ಅದುಮಿದ.

"ಬಿಡೋ ಪುಣ್ಯಾತ್ಮ," ಎಂದಳು ವಿಯೋರಿಕಾ. "ನಂಗೆ ಉಳಿದಿರೋದೇ ಒಂದು ಕೈ, ಅದನ್ನೂ ಮುರೀತೀಯಾ?"